ವಯೋನಿವೃತ್ತಿಯ ವೇಳೆ ಹೇಳದೆ ಉಳಿದ ಒಂದು ಕೃತಜ್ಞತೆ

ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯ ಶುಶ್ರೂಷಾಧಿಕಾರಿ ಹುದ್ದೆಯಿಂದ ಈಚೆಗೆ ವಯೋನಿವೃತ್ತಿ ಹೊಂದಿದ ನನ್ನನ್ನು ಪ್ರೀತಿಯಿಂದ ಬೀಳ್ಕೊಟ್ಟ ವೈದ್ಯರಿಗೆ, ಜೊತೆಯಲ್ಲಿ ದುಡಿದ ಸಿಸ್ಟರ್‌ಗಳಿಗೆ, ಆಯಾಗಳಿಗೆ, ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಹೊತ್ತುಗೊತ್ತೆನ್ನದೆ ಗರ್ಭಿಣಿಯರನ್ನು ಕರೆತರುತ್ತಿದ್ದ ಆಶಾ ಕಾರ್ಯಕರ್ತೆಯರಿಗೆ ನಾನು ಋಣಿ. ನನ್ನ ರಾತ್ರಿ ಪಾಳಿಗಳಲ್ಲಿ ಮಕ್ಕಳನ್ನು ನೋಡಿಕೊಂಡ ಅತ್ತೆಯವರಿಗೆ ಎಷ್ಟು ವಂದಿಸಿದರೂ ಸಾಲದು. ಸಮಾರಂಭದಲ್ಲಿ ಹೇಳಲಾಗದೆ ಉಳಿದ ಇನ್ನೊಂದು ಹೆಸರಿದೆ: ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್.

ಕಪೂರ್ತಲಾ ರಾಜಮನೆತನದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಗಾಂಧೀಜಿಯವರ ಕಾರ್ಯದರ್ಶಿಯಾಗಿ ದುಡಿದು, ಸೆರೆಮನೆಯನ್ನೂ ಕಂಡಿದ್ದ ಅವರು 1947ರಿಂದ 1957ರವರೆಗೆ ನೆಹರೂ ಸಂಪುಟದಲ್ಲಿದ್ದರು. ಅವರು ಸಚಿವೆಯಾದ ವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ನಮ್ಮ ಕೆಲಸಕ್ಕೆ ಸೇವೆಯೆಂಬ ಹೊಗಳಿಕೆಯಷ್ಟೇ ಅಲ್ಲದೆ, ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣವಿರುವ ವೃತ್ತಿಯೆಂಬ ಮಾನ್ಯತೆ ಸಿಕ್ಕಿದ್ದರಲ್ಲಿ ಆ ಕಾಯ್ದೆಯ ಪಾಲು ದೊಡ್ಡದು.

ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳ ಎಡತೋಳಿಗೆ ನಾವು ಹಾಕುವ ಬಿಸಿಜಿ ಲಸಿಕೆಯ ಹಿಂದೆಯೂ ಅವರ ಗಟ್ಟಿತನವಿದೆ. ಕ್ಷಯದ ವಿರುದ್ಧ ಅದನ್ನು ದೇಶದಾದ್ಯಂತ ಹಾಕಿಸುತ್ತಿದ್ದಾಗ, 1955ರಲ್ಲಿ ರಾಜಾಜಿಯವರಂಥ ಹಿರಿಯ ನಾಯಕರೇ ಬಹಿರಂಗವಾಗಿ ವಿರೋಧಿಸಿದರೂ ಕಾರ್ಯಕ್ರಮ ನಿಲ್ಲಲಿಲ್ಲ. ಸೂಜಿ ಕಂಡೊಡನೆ ಮಗುವನ್ನು ಸೆರಗಿನಲ್ಲಿ ಮರೆಮಾಡುವ ಬಾಣಂತಿಯರನ್ನೂ, ಅವರಿಗಿಂತ ಹೆಚ್ಚು ಹೆದರುವ ಅಜ್ಜಿಯರನ್ನೂ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗುತ್ತಿದ್ದ ನನಗೆ, ಇಡೀ ದೇಶವನ್ನು ಒಪ್ಪಿಸುವ ಕಷ್ಟ ಎಂಥದ್ದೆಂಬುದರ ಅಂದಾಜಿದೆ.

ಕುಟುಂಬ ಯೋಜನೆಯ ವಿಷಯದಲ್ಲಿ ಮಾತ್ರ ಅವರು ಗಾಂಧೀಜಿಯವರ ನಿಲುವಿಗೇ ಅಂಟಿಕೊಂಡು ಗರ್ಭನಿರೋಧಕ ಸಾಧನಗಳನ್ನು ಒಪ್ಪಲಿಲ್ಲ. ಹೆರಿಗೆಯ ಮೇಲೆ ಹೆರಿಗೆಯಾಗಿ ಬಸವಳಿದ ಹೆಂಗಸರನ್ನು ಕಂಡಿರುವ ನಾನು ಅದನ್ನು ಒಪ್ಪಲಾರೆ. ಆದರೆ ನನ್ನ ಗೌರವ ಅದರಿಂದ ತಗ್ಗಿಲ್ಲ.

1956ರ ಫೆಬ್ರುವರಿಯಲ್ಲಿ ಲೋಕಸಭೆಯ ಮುಂದೆ ಅವರು ತಂದ ಮಸೂದೆಯಿಂದ ದೆಹಲಿಯ ಏಮ್ಸ್ ಹುಟ್ಟಿತು. ಅದಕ್ಕಾಗಿ ನ್ಯೂಜಿಲೆಂಡ್ ಮೊದಲಾದ ದೇಶಗಳಿಂದ ನೆರವು ತಂದರು. ಇದು ಎಲ್ಲರಿಗೂ ಗೊತ್ತಿರುವ ಸಾಧನೆ. ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು, ಶಿಮ್ಲಾದಲ್ಲಿದ್ದ ತಮ್ಮ ಮನೆಯನ್ನು ಅವರು ಆ ಸಂಸ್ಥೆಯ ಸಿಬ್ಬಂದಿ ಮತ್ತು ನರ್ಸ್‌ಗಳು ರಜೆಯಲ್ಲಿ ಬಂದು ತಂಗಲೆಂದು ದಾನ ಮಾಡಿದ್ದು. ರೋಗಿಯನ್ನು ನೋಡಿಕೊಳ್ಳುವವಳಿಗೂ ದಣಿವಾಗುತ್ತದೆಂದು ಅಷ್ಟು ದೊಡ್ಡ ಸ್ಥಾನದಲ್ಲಿದ್ದವರೊಬ್ಬರು ಯೋಚಿಸಿದ್ದರು.

ಬೀಳ್ಕೊಡುಗೆಗೆಂದು ತಾವೆಲ್ಲ ಕೂಡಿಸಿದ್ದ ಹಣದಲ್ಲಿ ನನಗೆ ಉಡುಗೊರೆ ಬೇಡವೆಂದಾಗ, ರಾತ್ರಿ ಪಾಳಿಯ ಸಿಸ್ಟರ್‌ಗಳ ಕೊಠಡಿಗೆ ಹೊಸ ಮಂಚ, ಹಾಸಿಗೆಗಳನ್ನು ತರಿಸಲು ಸಂತೋಷದಿಂದ ಸಮ್ಮತಿಸಿದ ಎಲ್ಲರಿಗೂ ನನ್ನ ಹೃತ್ಪೂರ್ವಕ ವಂದನೆಗಳು.