ಕದ್ರಿಯವರ ಕಥೆಗೆ ಇನ್ನೊಂದು ಮಗ್ಗುಲು

ಸಂಪಾದಕರೇ,

ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ಬಗ್ಗೆ ಯಾರೇ ಬರೆಯಲಿ, ನಾದಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕಥೆ ಬಂದೇ ಬರುತ್ತದೆ. ಬರಲಿ, ಚೆಂದದ ಕಥೆ. ಆದರೆ ಅದೇ ದಾರಿಯಲ್ಲಿ ಎದುರಿನಿಂದ ಬಂದವರೂ ಒಬ್ಬರಿದ್ದರು. ಸ್ಯಾಕ್ಸೊಫೋನಿನಿಂದ ನಾದಸ್ವರದ ಕಡೆಗೆ ಬಂದ, ಅಮೆರಿಕದ ಬಾಸ್ಟನ್ನಿನ ಜಾಝ್ ವಾದಕ ಚಾರ್ಲಿ ಮರಿಯಾನೊ. 2023ರ ನವೆಂಬರಿಗೆ ಅವರು ಹುಟ್ಟಿ ನೂರು ವರ್ಷ ತುಂಬಿತು, ಕನ್ನಡ ಪತ್ರಿಕೆಗಳಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸಣ್ಣ ಆಸಾಮಿ ಏನಲ್ಲ. 1950ರ ದಶಕದಲ್ಲಿ ಸ್ಟಾನ್ ಕೆಂಟನ್ ಅವರ ಹೆಸರಾಂತ ಜಾಝ್ ಬ್ಯಾಂಡಿನಲ್ಲಿದ್ದರು, ಆಮೇಲೆ ಪಿಯಾನೊ ವಾದಕಿ ತೊಶಿಕೊ ಅಕಿಯೋಶಿ ಜೊತೆ ಸೇರಿ ಸ್ವಂತ ಬ್ಯಾಂಡ್ ನಡೆಸಿದರು, 1963ರಲ್ಲಿ ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಜೊತೆ ರೆಕಾರ್ಡ್ ಮಾಡಿದರು. ಇಷ್ಟರಲ್ಲೇ ಸುಮ್ನೆ ಇದ್ದಿದ್ದರೂ ಹೆಸರು ಉಳಿಯುತ್ತಿತ್ತು. ಅರವತ್ತರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ನಾದಸ್ವರ ಕಿವಿಗೆ ಬಿತ್ತು ನೋಡಿ, ಅಲ್ಲಿಂದ ಹಿಡಿದದ್ದು ಬಿಡಲೇ ಇಲ್ಲ. ದಕ್ಷಿಣ ಭಾರತಕ್ಕೇ ಬಂದು ಕಲಿತರು, ಅದೂ ನಲವತ್ತು ದಾಟಿದ ಮೇಲೆ!

ಇದೇನು ಸುಲಭದ ಕೆಲಸವಲ್ಲ. ಸ್ಯಾಕ್ಸೊಫೋನಿಗೆ ಕೀಲಿಗಳಿವೆ, ಒತ್ತಿದರೆ ತೂತು ಪೂರ್ತಿ ಮುಚ್ಚುತ್ತದೆ. ನಾದಸ್ವರಕ್ಕೆ ಬರೀ ತೂತು. ಅರ್ಧ ಮುಚ್ಚಿ, ಕಾಲು ಮುಚ್ಚಿ, ತುಟಿ ಬಿಗಿ ಮಾಡಿ, ಉಸಿರು ಸಡಿಲಿಸಿ ಗಮಕ, ಅಂದರೆ ಸ್ವರದ ಬಳುಕು, ತೆಗೆಯಬೇಕು. ಕದ್ರಿಯವರು ಈ ಗಮಕವನ್ನೇ ಕೀಲಿಯ ವಾದ್ಯದಲ್ಲಿ ತೆಗೆಯಲು ವರ್ಷಗಟ್ಟಲೆ ಒದ್ದಾಡಿದರು, ಮರಿಯಾನೊ ಕೀಲಿಯ ಅಭ್ಯಾಸ ಮರೆತು ಬೆರಳಿಗೆ ಹೊಸ ಪಾಠ ಹೇಳಬೇಕಾಯಿತು. ಯಾರದು ಜಾಸ್ತಿ ಕಷ್ಟ ಅಂತ ನಾನು ಹೇಳಲಾರೆ.

ನಮ್ಮೂರಿನ ನಂಟು ಇನ್ನೂ ಗಟ್ಟಿ. ಮೃದಂಗ ವಾದಕ ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983ರಲ್ಲಿ ಮರಿಯಾನೊ 'ಜ್ಯೋತಿ' ಎಂಬ ರೆಕಾರ್ಡ್ ಮಾಡಿದರು, ಜರ್ಮನಿಯ ಇಸಿಎಂ ಕಂಪನಿ ಅದನ್ನು ತಂದಿತು. ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ಆರ್.ಎ. ರಮಾಮಣಿಯವರ ದನಿ, ಮೃದಂಗ, ಘಟ, ಖಂಜಿರ, ಮತ್ತೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕೋಲು. ಮರಿಯಾನೊ ಅಲ್ಲಿ ಹಿಡಿದದ್ದು ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು. ರಮಾಮಣಿಯವರ ದನಿಯ ಪಕ್ಕದಲ್ಲಿ ಆ ಸ್ಯಾಕ್ಸೊಫೋನ್ ಎಷ್ಟು ಮೆತ್ತಗೆ ನಡೆಯುತ್ತದೆ ಎಂದರೆ, ದೇವಸ್ಥಾನದ ಪ್ರಾಕಾರದಲ್ಲಿ ಚಪ್ಪಲಿ ಬಿಟ್ಟು ಬಂದವರ ಹಾಗೆ.

2009ರಲ್ಲಿ ಜರ್ಮನಿಯ ಕಲೋನಿನಲ್ಲಿ ಅವರು ತೀರಿಕೊಂಡರು. ಅವರನ್ನು ಈ ತಂಡದ ಜೊತೆ ಎದುರಿಗೆ ಕೂತು ಕೇಳಿದವರು ನಿಮ್ಮ ಓದುಗರಲ್ಲೇ ಇರಬಹುದು, ಅಲ್ವಾ? ಅವರಿಂದ ಬರೆಸಿ. ಮುಂದಿನ ಸಲ ಕದ್ರಿಯವರ ಲೇಖನ ಹಾಕುವಾಗ ಪಕ್ಕದ ಕಾಲಂ ಮರಿಯಾನೊಗೆ ಕೊಡಿ.

— ನಿಮ್ಮ ಹಳೆಯ ಓದುಗ, ಬೆಂಗಳೂರು