ಶನಿವಾರದ ಊಟ: ಗುರುವಾರ ಸಂಜೆ 6ರೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಸಮ್ಮೇಳನದ ಸ್ವಯಂಸೇವಕರು, ಅತಿಥಿಗಳು ಸೇರಿ 60 ಜನಕ್ಕೆ ಶನಿವಾರ ರಾತ್ರಿ 7.30ಕ್ಕೆ ಮಡಿಕೇರಿಯ ಹಾಲ್‌ನಲ್ಲೇ ಊಟ. ತಲೆಗೆ 350 ರೂಪಾಯಿ, ಒಟ್ಟು 21,000. ಅದರ ಮೇಲೆ ದುಡ್ಡಿಲ್ಲ.

ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆ, ತಲೆಗೆ 4), ಪಂದಿ (ಹಂದಿ ಮಾಂಸ) ಕರಿ, ಕೋಳಿ ಕರಿ, ಸಸ್ಯಾಹಾರಿಗಳಿಗೆ ಕಡಲೆ ಕರಿ, ಅನ್ನ, ಸಾರು. ಪಂದಿ ತಿನ್ನುವವರ ಲೆಕ್ಕ ಸರಿಯಾಗಿ ಬೇಕು: ತಲೆಗೆ 200 ಗ್ರಾಂ ಹಸಿ ಮಾಂಸ ತರಿಸುತ್ತೇವೆ, ಬೆಂದರೆ ಕುಗ್ಗುತ್ತದೆ. ‘ಯಾವುದಾದರೂ ಸರಿ’ ಅಂತ ದಯವಿಟ್ಟು ಬರೆಯಬೇಡಿ, ಎರಡೂ ಕಡೆ ಲೆಕ್ಕ ಹಿಡಿಯಬೇಕಾಗುತ್ತದೆ. ಪಂದಿಗೆ ಮೇಜು, ಸೌಟು ಎರಡೂ ಬೇರೆ.

ಈ ಚಳಿಗೆ ಕಡಂಬುಟ್ಟು ಬೇಗ ಆರಿ ಗಟ್ಟಿಯಾಗುತ್ತದೆ. ಎರಡು ಸರದಿಯಲ್ಲಿ ಬೇಯಿಸಿ ಬಿಸಿಯಾಗಿಯೇ ಬಡಿಸುತ್ತೇವೆ, ತಡ ಮಾಡಬೇಡಿ.

ಹೆಸರಿನ ಮುಂದೆ ಪಂದಿ, ಕೋಳಿ ಅಥವಾ ಸಸ್ಯಾಹಾರ ಅಂತ ಬರೆಯಿರಿ. ಬಡಿಸಲು ನಾಲ್ವರು ಬೇಕು, ಯಾರು ಬರುತ್ತೀರಿ?