ಭಾನುವಾರದ ತಾಲೀಮು: ಅಪ್ಪಚ್ಚ ಕವಿಯ ರಂಗಗೀತೆಗಳು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಮಡಿಕೇರಿಯಲ್ಲಿ, ಮಾಮೂಲಿ ಜಾಗದಲ್ಲೇ ಸೇರೋಣ. ಈ ಸಲ ಸಿನಿಮಾ ಹಾಡು ಬೇಡ. ಹರದಾಸ ಅಪ್ಪಚ್ಚ ಕವಿಯ ಹಾಡುಗಳು ಮಾತ್ರ.

ಹೊಸಬರು ಇವರು ಯಾರು ಎಂದು ಕೇಳಿದ್ದರು. ಅಪ್ಪನೆರವಂಡ ಮನೆತನದವರು. ಹುಟ್ಟಿದ್ದು 1868ರಲ್ಲಿ, ಕೊಡಗಿನ ಕಿರುಂದಾಡಿನಲ್ಲಿ. ತೀರಿಕೊಂಡದ್ದು 1944ರಲ್ಲಿ. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂದು ನಾಲ್ಕು ನಾಟಕ ಬರೆದರು. ನಾಲ್ಕೂ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ. ಯಯಾತಿ ಬಂದದ್ದು 1906ರಲ್ಲಿ. ನಾವೆಲ್ಲ ದೊಡ್ಡದಾಗಿ ಹೇಳಿಕೊಳ್ಳುವ ಪಟ್ಟೋಲೆ ಪಳಮೆ, ಅಂದರೆ ಕೊಡವ ಜನಪದ ಹಾಡುಗಳ ಸಂಗ್ರಹ, ಅಚ್ಚಾಗಿದ್ದು 1924ರಲ್ಲಿ. ಅಂದರೆ ಅದಕ್ಕಿಂತ 18 ವರ್ಷ ಮೊದಲೇ ಇವರು ಕೊಡವ ಭಾಷೆಯಲ್ಲಿ ಪೂರ್ತಿ ನಾಟಕ ಬರೆದಿದ್ದರು. ಸುಮ್ನೆ ಮಾತಲ್ಲ, ಅಲ್ವಾ?

ಕಥೆಗಳು ಪುರಾಣದವು, ಎಲ್ಲರಿಗೂ ಗೊತ್ತಿರುವವು. ನನಗೆ ಇಷ್ಟವಾಗುವುದು ಹಾಡು ಬರುವ ಜಾಗ. ಕೋಪ, ಅಳು, ಬೇಡಿಕೆ ಜಾಸ್ತಿಯಾದ ಕಡೆ ಮಾತು ನಿಂತು ಹಾಡು ಶುರುವಾಗುತ್ತದೆ. ಹಾಡನ್ನು ತೆಗೆದು ಓದಿದರೆ ನಾಟಕ ಸಪ್ಪೆ. ಹಾಗಾಗಿ ಸಾಲುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಡಿ, ಪಾತ್ರ ಯಾರ ಎದುರು ನಿಂತಿದೆ ಎಂದು ನೋಡಿಕೊಂಡು ಹಾಡಿ.

ಮೊದಲು ಕಾವೇರಿ, ಆಮೇಲೆ ಸಮಯವಿದ್ದರೆ ಸಾವಿತ್ರಿ. ಕೊಡವ ತಕ್ಕ್ ಬಾರದವರೂ ಬನ್ನಿ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ಉಚ್ಚಾರಣೆ ತಪ್ಪಿದರೆ ನಮ್ಮ ಹಿರಿಯರು ಬಿಡುವುದಿಲ್ಲ, ಅದಕ್ಕೆ ಬೇಸರ ಬೇಡ. ಮಳೆಗೆ ಕರೆಂಟ್ ಹೋದರೂ ತಾಲೀಮು ನಿಲ್ಲುವುದಿಲ್ಲ. ಹಾರ್ಮೋನಿಯಂ ಇದೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಕಾಫಿಗೆ ಲೆಕ್ಕ ಬೇಕು.